ಸಾಹುಕಾರರ ಗೋಡೆಯ ಬಂದೂಕು

ಬಂದೂಕು ಅಂದರೆ ಜನ ಹೆದರುತ್ತಾರೆ. ನನಗೆ ಮಾತ್ರ ಈಗಲೂ ನಗು ಬರುತ್ತದೆ. ಎಪ್ಪತ್ತರ ದಶಕದಲ್ಲಿ ದುರ್ಗದ ಕಚೇರಿಯೊಂದರಲ್ಲಿ ಬಂದೂಕು ಲೈಸೆನ್ಸಿನ ಗುಮಾಸ್ತನಾಗಿದ್ದೆ ನೋಡಿ, ನಗು ತರಿಸುವ ಪ್ರಸಂಗಗಳೆಲ್ಲ ನನ್ನ ಟೇಬಲ್ಲನ್ನೇ ಹುಡುಕಿಕೊಂಡು ಬರುತ್ತಿದ್ದವು.

೧. ಕಾರಣ

ಧರ್ಮಪುರದ ಕಡೆಯ ಕಡಲೆಕಾಯಿ ಸಾಹುಕಾರರೊಬ್ಬರು ಅರ್ಜಿ ಹಿಡಿದು ಬಂದರು. ಮನೆಗೆ ಕರೆಂಟು ಬರುವ ಮೊದಲೇ ಫ್ರಿಜ್ಜು ತಂದು, ಅದರಲ್ಲಿ ರೇಷ್ಮೆ ಸೀರೆ ಇಟ್ಟಿದ್ದ ಆಸಾಮಿ.

"ಬಂದೂಕು ಯಾಕೆ? ಕಾಡುಹಂದಿ ಕಾಟವೇ?"

"ಹಂದಿ ಎಲ್ಲೈತೆ ಸ್ವಾಮಿ? ಹಿರಿಯೂರಾಗೆ ನಮ್ಮ ಷಡ್ಡಕ ತಗಂಡವ್ನೆ. ಅವನ ಗೋಡೆ ಮ್ಯಾಲೆ ಬಂದೂಕೈತೆ, ನಮ್ಮ ಗೋಡೆ ಬೋಳು. ನಮ್ಮನೆಯಾಕೆ ತಂಗಿ ಮನೆಗೆ ಹೋಗಾದೇ ಬಿಟ್ಟವ್ಳೆ."

"ಗುಂಡು ಹಾರಿಸೋಕೆ ಬರುತ್ತೋ?"

"ಅದ್ಯಾಕೆ? ಗೋಡೆಗೆ ಎರಡು ಮೊಳೆ ಆಗ್ಲೇ ಹೊಡ್ಸೀನಿ!"

ನಾನು ಹಂದಿ ಅಂತಲೇ ಬರೆದೆ.

೨. ಖರ್ಚಾಗದ ಗುಂಡು

ಮರುವರ್ಷ ನವೀಕರಣಕ್ಕೆ ಬಂದವರ ಮುಖ ಅರಳಿತ್ತು. "ಬಂದೂಕು ಬಂದ ಮ್ಯಾಲೆ ಕಾಯಿ ಸುಲಿಯೋ ಹೆಂಗಸ್ರು ಕೂಲಿ ಜಾಸ್ತಿ ಕೇಳಾದೇ ಬಿಟ್ಟವ್ರೆ. ಒಂದು ಗುಂಡೂ ಖರ್ಚಾಗಿಲ್ಲ!"

ಅಷ್ಟರಲ್ಲಿ ಚುನಾವಣೆ ಬಂತು. ಆಗ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಸಾಹುಕಾರರು ಒಪ್ಪಿಸಿ, ಠಾಣೆಯ ರಸೀತಿಗೆ ಗಾಜಿನ ಕಟ್ಟು ಹಾಕಿಸಿ ಅದೇ ಮೊಳೆಗೆ ತಗುಲಿಹಾಕಿದರು. ಮರುದಿನ ಬೆಳಿಗ್ಗೆಯೇ ಹೆಂಗಸರೆಲ್ಲ ಜಗಲಿಯಲ್ಲಿ ಹಾಜರು. ಹಿರಿಯಾಕೆ ಗೋಡೆ ನೋಡಿ ಕೇಳಿದಳಂತೆ:

"ಸಾವ್ಕಾರ್ರೇ, ಈಗ ಕೂಲಿ ಮಾತಾಡಾಣೇನು? ಕಾಗದ ಸಿಡಿಯಂಗಿಲ್ಲ, ಅಲ್ವೇ?"

ಕೂಲಿ ಏರಿತು.

೩. ಪರೀಕ್ಷೆ

ಮೂರನೆಯ ವರ್ಷ ಹೊಸ ಸಾಹೇಬರು ಬಂದರು. ಬಳಸದ ಬಂದೂಕಿನ ಲೈಸೆನ್ಸ್ ರದ್ದು ಮಾಡುವುದೇ ಅವರ ಹಟ.

"ಷಡ್ಡಕನ ಮುಂದೆ ನನ್ನ ಮಾನ ಉಳಸ್ರಿ ಸ್ವಾಮಿ," ಸಾಹುಕಾರರು ನನ್ನ ಕಿವಿಯಲ್ಲಿ ಅತ್ತೇಬಿಟ್ಟರು.

ತಪಾಸಣೆಗೆಂದು ಸಾಹೇಬರ ಮೇಜಿನ ಮೇಲೆ ತಂದಿಟ್ಟ ಬಂದೂಕಿನ ತುಂಬ ಆಯುಧಪೂಜೆಯ ವಿಭೂತಿ, ಕುಂಕುಮ. ನಳಿಗೆಯ ಬಾಯಲ್ಲಿ ಒಣಗಿದ ಚೆಂಡುಹೂ. ಸಾಹೇಬರು ಹೂ ಕಿತ್ತೆಸೆದು, "ಇದನ್ನ ಒಂದು ಸಲವಾದರೂ ಹಾರಿಸಿದ್ದೀರೇನ್ರಿ?" ಎಂದು ಗದರಿದರು. ಧೂಳು ಹೋಗಲೆಂದು ನಳಿಗೆಗೆ ಬಾಯಿಟ್ಟು ಊದಿದರು. ಒಳಗೆ ಮನೆ ಮಾಡಿಕೊಂಡಿದ್ದ ಕಡಜ ಹೊರಬಂದು ತುಟಿಗೇ ಕಚ್ಚಿತು. ಸಾಹೇಬರು ಕುರ್ಚಿ ಸಮೇತ ಅಂಗಾತ! ತುಟಿ ಬದನೆಕಾಯಿಯಾಗಿ ಮಾತೇ ಹೊರಡದು. ಅದನ್ನು ಮೊದಲು ಇಲ್ಲಿಂದ ಒಯ್ಯಿರಿ ಎಂದು ಕೈಸನ್ನೆ ಮಾಡಿದರು. ನಾನು "ಆಯುಧ ಬಳಕೆಯಲ್ಲಿದೆ" ಎಂದು ಬರೆದು ಮುಂದಿಟ್ಟೆ. ಓದದೆ ಸಹಿ ಹಾಕಿದರು.

ಸಾಹುಕಾರರು ಬಂದೂಕು ಹೆಗಲಿಗೇರಿಸಿ ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ನಮ್ಮ ಷಡ್ಡಕನ ಬಂದೂಕು ಇವತ್ತಿನ್ಗಂಟ ಒಂದು ಕಾಗೆನೂ ಕೆಡವಿಲ್ಲ. ನಂದು ಮೊದಲ್ನೇ ಏಟಿಗೇ ಆಫೀಸರ್ನ ಕೆಡವೈತೆ. ಅದನ್ನೇ ಒಂದು ಕಾಗದದಾಗೆ ಬರ್ಕೊಡ್ರಿ ಸ್ವಾಮಿ, ಕಟ್ಟು ಹಾಕುಸ್ತೀನಿ!"