ಕಾಂತಿಯಕ್ಕನ ಬಿಸಿ ಅಂಗೈ

ಕಾಂತಿ ಪ್ರಾಣಶಕ್ತಿಯ ದಾರಿ ಹಿಡಿದದ್ದು ಮೋಕ್ಷಕ್ಕಲ್ಲ, ಒಂದು ಲೋಟ ಬಿಸಿ ಚಾಕ್ಕಾಗಿ.

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಅಷ್ಟು ವರ್ಷವೂ ಅವಳು ಚಾ ಕುದಿಸಿದ್ದಾಳೆ, ಸೋಸಿದ್ದಾಳೆ, ಹಂಚಿದ್ದಾಳೆ. ತನ್ನ ಲೋಟ ಬಾಯಿಯ ಹತ್ತಿರ ಬರುವಷ್ಟರಲ್ಲಿ ಯಾರಾದರೂ ಕರೆಯುತ್ತಿದ್ದರು. ಅತ್ತೆ ಇದ್ದಾಗ ಅತ್ತೆ, ಮಗಳು ಚಿಕ್ಕವಳಿದ್ದಾಗ ಮಗಳು, ಈಗ ಬಹರೈನಿನ ಹೋಟೆಲು ಮುಚ್ಚಿ ಬಂದು ಸೋಫಾದಲ್ಲಿ ಬೇರುಬಿಟ್ಟ ಗಂಡ ರಮಾನಾಥ.

“ಕಾಂತೀ, ರಿಮೋಟು ಎಲ್ಲುಂಟು?”

“ನಿಮ್ಮ ತೊಡೆಯ ಅಡಿಯಲ್ಲಿ ನೋಡಿ.”

ಹೇಳಿ ಬರುವಷ್ಟರಲ್ಲಿ ಅವಳ ಚಾದ ಮೇಲೆ ಕೆನೆ ಕಟ್ಟಿರುತ್ತಿತ್ತು, ನಿಂತ ಕೆರೆಯ ಮೇಲೆ ಪಾಚಿ ಕಟ್ಟಿದ ಹಾಗೆ.

‘ಸ್ವಲ್ಪ ಹೊತ್ತು ಒಬ್ಬಳೇ ಕೂತುಕೊಳ್ತೇನೆ’ ಅಂದರೆ ಅದು ಇನ್ನೂ ಕಷ್ಟ. “ಎಂತ, ತಲೆನೋವಾ? ನನ್ನ ಮೇಲೆ ಕೋಪವಾ? ಬಿ.ಪಿ. ನೋಡಿಸುವನಾ?” ಹೆಂಗಸು ಸುಮ್ಮನೆ ಕೂತಿದ್ದಾಳೆಂದರೆ ಒಂದೋ ರೋಗ, ಇಲ್ಲವೇ ಜಗಳ. ಮೂರನೆಯ ಕಾರಣವೊಂದು ಇರಬಹುದೆಂದು ಬಂಟ್ವಾಳ ತಾಲೂಕಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ಮೂರನೆಯ ಕಾರಣವನ್ನು ಕೊಟ್ಟವರು ಶೋಧನ್ ಸರ್. ಮೂಡಬಿದ್ರೆಯ ಒಂದು ಸಭಾಭವನದಲ್ಲಿ ಎರಡು ಭಾನುವಾರ ಅವರ ಪ್ರಾಣ ಶಿಬಿರ. ಮೊದಲು ಅವರು ಮನೆ ಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದರು. ನೀರಿನ ಕಲ್ಮಶ ತೆಗೆಯುತ್ತಿದ್ದವರು ಬಡ್ತಿ ಸಿಕ್ಕಿದ ಹಾಗೆ ಈಗ ಉಸಿರಿನ ಕಲ್ಮಶಕ್ಕೆ ಕೈ ಹಾಕಿದ್ದರು.

“ನಾಲ್ಕು ಎಣಿಸಿ ಉಸಿರು ಒಳಗೆ, ಎಂಟು ಎಣಿಸಿ ಹೊರಗೆ. ಹೊಕ್ಕುಳಿನಿಂದ ಹೊರಟ ಪ್ರಾಣ ಅಂಗೈಗೆ ಬರಬೇಕು. ಅಂಗೈ ಬಿಸಿಯಾಯಿತೋ, ಶಕ್ತಿ ಎಚ್ಚರವಾಯಿತು! ಚಾ, ಕಾಫಿ ಇವತ್ತಿನಿಂದಲೇ ಬಿಡಬೇಕು. ಚಾ ಅಂದರೆ ಪ್ರಾಣದ ಶತ್ರು.”

ಕಾಂತಿಯ ಅಂಗೈ ಎರಡು ಭಾನುವಾರವೂ ತಣ್ಣಗೇ ಇತ್ತು. ಆದರೆ ಒಂದು ಮಾತು ಅವಳ ಕಿವಿಯನ್ನು ಹಿಡಿದು ನಿಲ್ಲಿಸಿತು: ಸಾಧನೆಗೆ ಕೂತವರನ್ನು ಅರ್ಧ ಗಂಟೆ ಯಾರೂ ಕರೆಯಬಾರದು, ಕರೆದರೆ ಪ್ರಾಣ ತಿರುಗಿ ಕರೆದವರ ಬೆನ್ನಿಗೇ ಹೊಡೆಯುತ್ತದೆ.

ಮನೆಗೆ ಬಂದವಳೇ ಅವಳು ಇದನ್ನು ಗಂಡನಿಗೆ ಹೇಳಿದಳು. ರಮಾನಾಥನಿಗೆ ಪ್ರಾಣದಲ್ಲಿ ನಂಬಿಕೆ ಇರಲಿಲ್ಲ, ಆದರೆ ಬೆನ್ನುನೋವು ಇತ್ತು. ಮರುದಿನದಿಂದ ಹತ್ತರಿಂದ ಹತ್ತೂವರೆಯವರೆಗೆ ಆ ಫ್ಲ್ಯಾಟಿನಲ್ಲಿ ಯಾರೂ ಅವಳನ್ನು ಕರೆಯಲಿಲ್ಲ.

ಗಂಡನಿಗೆ ಎರಡನೆಯ ಚಾ ಕೊಟ್ಟು, ಪಾತ್ರೆಯಲ್ಲಿ ಉಳಿಸಿಕೊಂಡದ್ದನ್ನು ಇನ್ನೊಮ್ಮೆ ಕುದಿಸಿ, ಸ್ಟೀಲ್ ಲೋಟಕ್ಕೆ ಸುರಿದು, ಶಾಲಿನ ಅಡಿಯಲ್ಲಿ ಅಡಗಿಸಿ ಅವಳು ಸ್ಟೋರ್ ರೂಮಿಗೆ ಹೋಗುತ್ತಿದ್ದಳು. ಅಲ್ಲಿ ಅಕ್ಕಿ ಡ್ರಮ್ಮು, ಗಲ್ಫಿನಿಂದ ಬಂದ ಮೂರು ಸೂಟ್‌ಕೇಸು, ಮಧ್ಯದಲ್ಲಿ ಒಂದು ಸ್ಟೂಲು. ಮೊದಲ ದಿನ ಮೊದಲ ಗುಟುಕಿಗೇ ನಾಲಗೆ ಸುಟ್ಟಿತು. ಚಾದಿಂದ ನಾಲಗೆ ಸುಟ್ಟುಕೊಂಡು ಎಷ್ಟು ವರ್ಷವಾಗಿತ್ತು! ಅವಳ ಕಣ್ಣಲ್ಲಿ ನೀರು ಬಂತು. ಅದು ಉರಿಗೆ ಬಂದ ನೀರಲ್ಲ. ಆ ಅರ್ಧ ಗಂಟೆ ಅವಳು ಏನನ್ನೂ ಎಣಿಸುತ್ತಿರಲಿಲ್ಲ, ಉಸಿರನ್ನು ಕೂಡ. ಹುಡುಗಿಯಾಗಿದ್ದಾಗ ಓದಿ ಅರ್ಧಕ್ಕೆ ಬಿಟ್ಟ ಕಾದಂಬರಿಯಲ್ಲಿ ಕೊನೆಗೆ ಏನಾಗಿರಬಹುದು ಎಂದು ಒಮ್ಮೆ ಪೂರ್ತಿ ಯೋಚಿಸಿ ಮುಗಿಸಿದಳು. ಇನ್ನೊಮ್ಮೆ ಏನೂ ಯೋಚಿಸಲಿಲ್ಲ, ಅದೇ ಹೆಚ್ಚು ಚೆನ್ನಾಗಿತ್ತು.

ಹೀಗೆ ಇಪ್ಪತ್ತು ದಿನ. ಇಪ್ಪತ್ತೊಂದನೆಯ ದಿನ ರಮಾನಾಥ ಸ್ನಾನಕ್ಕೆ ಹೋಗಿದ್ದ. ಎದುರು ಫ್ಲ್ಯಾಟಿನ ಶಾಹಿದಾಳಿಗೆ ಈ ಮನೆಯಲ್ಲಿ ಬೆಲ್ಲು ಒತ್ತುವ ಅಭ್ಯಾಸವಿಲ್ಲ. ನೇರ ಒಳಗೆ ಬಂದು, ಅಡುಗೆಮನೆ ನೋಡಿ, ಸ್ಟೋರ್ ರೂಮಿನ ಬಾಗಿಲನ್ನು ದೂಡಿಯೇಬಿಟ್ಟಳು.

“ಕಾಂತಿಯಕ್ಕಾ, ಮೋಟರು ಹಾಕಿದ್ದಾರಾ ಇಲ್ಲವಾ? ನಮ್ಮಲ್ಲಿ ಒಂದು ಹನಿ ನೀರಿಲ್ಲ!”

ಕಾಂತಿ ಒಂದೇ ನೆಗೆತಕ್ಕೆ ಲೋಟವನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಳು. ಚಾದ ಪರಿಮಳ ಶಾಹಿದಾಳ ಮೂಗಿಗೆ ಮುಟ್ಟುವ ಮೊದಲು ಹೊರಗೆ ಹಾಕಬೇಕೆಂದು ಅವಳ ಬಲಭುಜವನ್ನು ಹಿಡಿದು ಬಾಗಿಲಿನ ಕಡೆಗೆ ತಿರುಗಿಸಿದಳು. ಶಾಹಿದಾಳ ಕಾಲು ಸೂಟ್‌ಕೇಸಿನ ಹಿಡಿಗೆ ಸಿಕ್ಕಿತು. ಬೀಳುವವಳು ಬಲಗೈ ಎತ್ತಿ ಮೇಲಿನ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಿಡಿದ ಮೇಲೆ ಇಬ್ಬರೂ ಆ ಕೈಯನ್ನೇ ನೋಡಿದರು. ಮೂರು ತಿಂಗಳಿಂದ ಎದೆಯ ಮಟ್ಟಕ್ಕಿಂತ ಮೇಲೆ ಏರದ ಕೈ ಅದು. ತಲೆಗೆ ಶಾಲು ಸುತ್ತಲು ಶಾಹಿದಾ ದಿನಾ ಮಗಳು ಸಜ್ನಾಳನ್ನು ಕರೆಯಬೇಕಿತ್ತು.

“ಯಾ ಅಲ್ಲಾ! ನನ್ನ ಕೈ!”

“ಬೀಳ್ತೇನೆ ಅಂತ ಎತ್ತಿದ್ದಲ್ಲವಾ ಮಾರಾಯ್ತಿ...”

“ಅಲ್ಲ ಅಕ್ಕ! ನಿಮ್ಮ ಅಂಗೈ! ಕಾದ ದೋಸೆಕಲ್ಲಿನ ಹಾಗೆ ಬಿಸಿ! ಮುಟ್ಟಿದ ಕೂಡಲೇ ಎಲುಬಿನ ಒಳಗೆ ಎಂತದೋ ಹರಿಯಿತು!”

ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಡ್ರಮ್ಮಿನ ಹಿಂದೆ ಚಾ ಇನ್ನೂ ಹಬೆಯಾಡುತ್ತಿತ್ತು. ಹೇಳಿದರೆ ಹತ್ತರಿಂದ ಹತ್ತೂವರೆ ಹೋಗುತ್ತದೆ. ಕಾಂತಿ ಬಾಯಿ ಮುಚ್ಚಿಕೊಂಡಳು.

“ಯಾರಿಗೂ ಹೇಳಬೇಡ ಶಾಹಿದಾ.”

“ನಾನಾ? ಯಾರಿಗೆ ಹೇಳ್ಲಿ?” ಎಂದ ಶಾಹಿದಾ ಮೆಟ್ಟಿಲಿನಲ್ಲೇ ನಿಂತು ಫ್ಲ್ಯಾಟಿನವರ ವಾಟ್ಸಾಪ್ ಗುಂಪಿಗೆ ಮೂರು ನಿಮಿಷದ ಧ್ವನಿ ಸಂದೇಶ ಹಾಕಿದಳು.

ಮೊದಲು ಬಂದವರು ಮೇಲಿನ ಮಹಡಿಯ ನಿತ್ಯಾನಂದರು. ಅಂಚೆ ಕಚೇರಿಯಿಂದ ನಿವೃತ್ತರು, ಈಗ ಫ್ಲ್ಯಾಟಿನ ಕಾರ್ಯದರ್ಶಿ, ಹದಿನೈದು ವರ್ಷದಿಂದ ಹೊಟ್ಟೆಯಲ್ಲಿ ಉರಿ ಇದ್ದವರು.

ಟವೆಲಿನಲ್ಲೇ ಹೊರಬಂದ ರಮಾನಾಥ ನಕ್ಕ. “ಎಂತ ಶಕ್ತಿ ಮಾರಾಯ್ರೇ! ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ತೆಗೀಲಿಕ್ಕೆ ಇವಳಿಗೆ ನಾನು ಬೇಕು.”

ಕಾಂತಿಗೆ ಧೈರ್ಯ ಬಂತು. ಅಂಗೈ ತಣ್ಣಗಿದ್ದರೆ ಕತೆ ಇಲ್ಲಿಗೇ ಮುಗಿಯಿತಲ್ಲ? ಅವಳು ಒಳಗೆ ಹೋಗಿ ಫ್ರಿಜ್ಜಿನ ಐಸ್ ಟ್ರೇಯನ್ನು ಐದು ನಿಮಿಷ ಅವುಚಿ ಹಿಡಿದಳು. ಪರಗಂಡಸಿನ ಹೊಟ್ಟೆ ಮುಟ್ಟುವುದು ಸರಿಯಲ್ಲವೆಂದು ಅವರ ಬೋಳು ನೆತ್ತಿಯ ಮೇಲೆ ಅಂಗೈ ಇಟ್ಟಳು.

ನಿತ್ಯಾನಂದರು ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. “ಹಾ! ತಂಪು!” ಹಿಂದೆಯೇ ಒಂದು ದೊಡ್ಡ ತೇಗು ಬಂತು, ಎಲ್ಲೋ ಸಿಕ್ಕಿಬಿದ್ದಿದ್ದ ಪಾರ್ಸೆಲು ವಾರದ ಮೇಲೆ ವಿಳಾಸ ಮುಟ್ಟಿದ ಹಾಗೆ. “ಉರಿ ಇಳಿಯಿತು ಕಾಂತಿಯವರೇ! ಬಿಸಿ ಬೇಕಾದವರಿಗೆ ಬಿಸಿ, ತಂಪು ಬೇಕಾದವರಿಗೆ ತಂಪು! ಗ್ಯಾಸೂ ನೀವೇ, ಫ್ರಿಜ್ಜೂ ನೀವೇ!”

ಆ ಮೇಲೆ ಸಂದೇಶ ಗುಂಪಿನಿಂದ ಗುಂಪಿಗೆ ಹಾರಿ, ಬಾಗಿಲು ಮುಚ್ಚಲಿಕ್ಕೆ ಆಗಲೇ ಇಲ್ಲ. ಹನ್ನೊಂದೂವರೆಗೆ ಹಾಲ್‌ನಲ್ಲಿ ಒಂಬತ್ತು ಜನ. ಅಷ್ಟು ಜನ ಒಟ್ಟಿಗೆ ಕೂತು ಕಾಯುವುದನ್ನು ಕಂಡದ್ದೇ ರಮಾನಾಥನ ಒಳಗಿನ ಹೋಟೆಲಿನವ ಎದ್ದು ಕೂತ. ಹಳೇ ಕ್ಯಾಲೆಂಡರ್ ಹರಿದು ನಂಬ್ರ ಬರೆದು ಹಂಚಿದ. ಬೆಳಿಗ್ಗಿನ ನಗೆಯೆಲ್ಲ ಎಲ್ಲಿಗೋ ಹೋಗಿತ್ತು.

“ಮೊಣಕಾಲಿನವರು ಆ ಕಡೆ, ತಲೆಯವರು ಈ ಕಡೆ! ಮೂರನೇ ನಂಬ್ರ ಬನ್ನಿ! ಕಾಂತೀ, ಇವರಿಗೆ ಸ್ವಲ್ಪ ಬೇಗ ಆಗಲಿ, ಫರಂಗಿಪೇಟೆಯಿಂದ ಬಂದದ್ದು, ಬಸ್ಸು ಉಂಟು.”

ಹನ್ನೆರಡಕ್ಕೆ ಕಾಂತಿ ಮೆಲ್ಲನೆ ಚಾಕ್ಕೆ ನೀರಿಟ್ಟಳು. ಕುದಿಯುವಷ್ಟರಲ್ಲಿ ಮೊಣಕಾಲೊಂದು ಅಡುಗೆಮನೆಗೇ ಕುಂಟುತ್ತ ಬಂತು. ಎರಡೂವರೆಗೆ ಮತ್ತೆ ಇಟ್ಟಳು. ಆಗ ವಾಮದಪದವಿನ ಹೆಂಗಸೊಬ್ಬಳು ಹಾಲು ಕೊಡದ ದನದ ಫೋಟೋ ಹಿಡಿದು ಬಂದಳು. “ಕೆಚ್ಚಲು ಇಲ್ಲಿ ಕಾಣ್ತದೆ ಅಕ್ಕ, ಇಲ್ಲಿ ಮುಟ್ಟಿ.”

ಮೂರು ಗಂಟೆಗೆ ನಿತ್ಯಾನಂದರು ಚಾರ್ಮಾಡಿಯಲ್ಲಿರುವ ತಮ್ಮ ಅತ್ತಿಗೆಗೆ ಫೋನು ಮಾಡಿ, ಸ್ಪೀಕರ್ ಹಾಕಿ ಕಾಂತಿಯ ಮುಖದ ಎದುರು ಹಿಡಿದರು. ಅತ್ತಿಗೆಗೆ ಎರಡು ದಿನದಿಂದ ಬಿಕ್ಕಳಿಕೆ.

“ದೂರದಿಂದಲೇ ಬಿಡಿ ಕಾಂತಿಯವರೇ, ಶಕ್ತಿ!”

ಕಾಂತಿಯ ತಾಳ್ಮೆ ಕಡಿಯಿತು. “ಅಯ್ಯೋ, ನನಗೆ ಸಾಕಾಯಿತು! ಬಿಟ್ಟುಬಿಡಿ ನನ್ನನ್ನು!” ಎಂದು ಫೋನಿನೊಳಗೇ ಕಿರುಚಿದಳು.

ಆ ಕಡೆಯಿಂದ ಬೆದರಿದ ಸಣ್ಣ ದನಿ: “ನಿಂತಿತು... ಭಾವಾ, ಬಿಕ್ಕಳಿಕೆ ನಿಂತೇಹೋಯಿತು!”

ಹಾಲ್‌ನಲ್ಲಿ ಚಪ್ಪಾಳೆ. ಕಾಂತಿ ಗೋಡೆಗೆ ಒರಗಿದಳು. ಮುಟ್ಟಿದರೂ ಗುಣ, ಬೈದರೂ ಗುಣ. ಇಪ್ಪತ್ತೊಂಬತ್ತು ವರ್ಷ ಈ ಮನೆಯಲ್ಲಿ ಅವಳ ಮಾತಿನಿಂದ ಒಂದು ಫ್ಯಾನೂ ತಿರುಗಿರಲಿಲ್ಲ.

ನಾಲ್ಕು ಗಂಟೆಗೆ ಮೂಡಬಿದ್ರೆಯಿಂದ ಬೈಕಿನಲ್ಲಿ ಶೋಧನ್ ಸರ್ ಬಂದೇಬಿಟ್ಟರು. ಮೊದಲು ಅವಳನ್ನು ಬದಿಗೆ ಕರೆದು ಪಿಸುಗುಟ್ಟಿದರು. “ಮೇಡಂ, ನಿಜ ಹೇಳಿ, ಹೇಗೆ ಬಿಸಿ ಮಾಡಿದಿರಿ? ಒಂಬತ್ತು ವರ್ಷವಾಯಿತು, ನನ್ನದೇ ಇನ್ನೂ ಆಗ್ಲಿಲ್ಲ.” ಆಮೇಲೆ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ, “ಇನ್ನು ಬಂಟ್ವಾಳ, ಬೆಳ್ತಂಗಡಿಗೆ ಈ ಮನೆಯೇ ಕೇಂದ್ರ! ನಾಳೆ ಬೆಳಿಗ್ಗೆ ಐದಕ್ಕೆ ಶುರು ಮಾಡುವ!”

“ಎರಡು ಶಿಫ್ಟು ಮಾಡುವ ಸರ್,” ಎಂದ ರಮಾನಾಥ. “ಸಂಜೆ ಕೂಡ ಜನ ಇರ್ತಾರೆ.”

ಕಾಂತಿ ಅಡುಗೆಮನೆಗೆ ಓಡಿ ಬಾಗಿಲು ಹಾಕಿದಳು. ಹಾಕುವ ಮೊದಲೇ ಶಾಹಿದಾ ಒಳಗೆ ನುಸುಳಿದ್ದಳು.

“ಎಂತಾಯ್ತು ಅಕ್ಕ? ಅಳ್ತಿದ್ದೀರಾ?”

ಕಾಂತಿ ಎಲ್ಲ ಹೇಳಿದಳು. ಸ್ಟೂಲು, ಶಾಲು, ಲೋಟ, ಡ್ರಮ್ಮಿನ ಹಿಂದೆ ಕೆನೆ ಕಟ್ಟಿದ ಇವತ್ತಿನ ಚಾ, ಐಸ್ ಟ್ರೇ. “ಪ್ರಾಣ ಇಲ್ಲ, ಎಂತ ಸಾವೂ ಇಲ್ಲ. ಬಿಸಿ ಲೋಟ ಹಿಡಿದ ಕೈ ಅದು. ಬೇಕಾದರೆ ಹೋಗಿ ಎಲ್ಲರಿಗೂ ಹೇಳು.”

ಶಾಹಿದಾ ತನ್ನ ಬಲಗೈಯನ್ನು ಒಮ್ಮೆ ಎತ್ತಿ ನೋಡಿದಳು, ಇಳಿಸಿದಳು. ಕೈಯ ಬಗ್ಗೆ ಅವಳಿಗೆ ಈಗ ಆಸಕ್ತಿ ಇದ್ದಂತೆ ಕಾಣಲಿಲ್ಲ.

“ಅರ್ಧ ಗಂಟೆ ಯಾರೂ ಕರೆಯುವುದಿಲ್ಲವಾ?”

“ಇಲ್ಲ.”

“ರಮಾನಾಥಣ್ಣ ಕೂಡ?”

“ಬೆನ್ನಿಗೆ ಹೊಡೀತದೆ ಅಂತ ಹೆದರಿಸಿದ್ದೇನೆ.”

“ಚಾ ಬಿಸಿ ಇರ್ತದಾ? ಕೊನೆಯವರೆಗೂ?”

“ಕೊನೆಯ ಗುಟುಕು ಕೂಡ.”

ಶಾಹಿದಾ ಸಿಂಕಿನ ಬದಿ ಹಿಡಿದಳು. “ನಾಲ್ಕು ಹೆತ್ತೆ ಅಕ್ಕ,” ಎಂದಳು ಮೆಲ್ಲಗೆ. “ಆಸ್ಪತ್ರೆಯಲ್ಲಿ ಮಾತ್ರ ಬಿಸಿ ಕುಡಿದ ನೆನಪು.”

ಆಮೇಲೆ ಮುಖ ಒರೆಸಿ, ಶಾಲು ತಾನೇ ಸರಿಮಾಡಿಕೊಂಡು ಹೊರಗೆ ಹೋದಳು. ಮೊದಲು ಗುಣವಾದವಳೆಂಬ ಅಧಿಕಾರ ಅವಳದು.

“ಕೇಳಿ! ಅಕ್ಕನ ಇವತ್ತಿನ ಶಕ್ತಿ ಮುಗಿಯಿತು. ಇನ್ನು ಮುಟ್ಟಿಸಿಕೊಂಡರೆ ಹೋದ ರೋಗ ಇಮ್ಮಡಿಯಾಗಿ ವಾಪಸು ಬರ್ತದೆ!”

ಗಂಡಸರೆಲ್ಲ ಒಟ್ಟಿಗೆ ಎದ್ದು ನಿಂತರು. ನಿತ್ಯಾನಂದರು ನೆತ್ತಿ ಮುಚ್ಚಿಕೊಂಡರು.

“ಇನ್ನು ಮುಟ್ಟುವುದು, ಫೋನು, ಫೋಟೋ ಎಂತದೂ ಇಲ್ಲ. ಹೆಂಗಸರಿಗೆ ಮಾತ್ರ, ಹತ್ತರಿಂದ ಹತ್ತೂವರೆ, ಬಾಗಿಲು ಹಾಕಿ. ಒಳಗೆ ಎಂತ ಆಗ್ತದೆ ಅಂತ ಹೊರಗಿನವರು ಕೇಳ್ಲಿಕ್ಕಿಲ್ಲ. ಅಲ್ಲವಾ ಸರ್?”

“ಹೌದು, ಅದು... ಗುಪ್ತ ಸಾಧನೆ,” ಎಂದರು ಶೋಧನ್ ಸರ್, ತಮಗೆ ಮೊದಲೇ ಗೊತ್ತಿದ್ದವರ ಹಾಗೆ.

ಹಾಲ್ ಖಾಲಿಯಾಯಿತು. ಹೋಗುವ ಹೆಂಗಸರನ್ನು ಒಬ್ಬೊಬ್ಬರನ್ನೇ ಮೆಟ್ಟಿಲಿನ ತಿರುವಿನಲ್ಲಿ ನಿಲ್ಲಿಸಿ ಶಾಹಿದಾ ಏನೋ ಹೇಳುತ್ತಿದ್ದಳು. ಕೇಳಿದವರು ಮೊದಲು ಬಾಯಿಗೆ ಕೈ ಹಿಡಿದು, ಆಮೇಲೆ ಬೇಗ ಬೇಗ ಮನೆಗೆ ಹೋಗುತ್ತಿದ್ದರು. ಕಾಂತಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಬರಲಿ ಪಾಪ, ಇಬ್ಬರು ಮೂವರು ಬಂದು ಮೂಲೆಯಲ್ಲಿ ಕೂತರೆ ತನಗೇನು ಕಷ್ಟ? ಹತ್ತರಿಂದ ಹತ್ತೂವರೆ ಉಳಿಯಿತಲ್ಲ!

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ಹನ್ನೊಂದು ಜನ ಹೆಂಗಸರು. ಒಬ್ಬೊಬ್ಬರ ಶಾಲಿನ ಅಡಿಯಲ್ಲಿ, ಸೆರಗಿನ ಅಡಿಯಲ್ಲಿ ಒಂದೊಂದು ಸ್ಟೀಲ್ ಲೋಟ. ಎಲ್ಲವೂ ಖಾಲಿ.

“ಚಾ?” ಎಂದಳು ಕಾಂತಿ.

“ನಾವು ಹೇಗೆ ಮಾಡುವುದು ಅಕ್ಕ?” ಶಾಹಿದಾ ಪಿಸುಗುಟ್ಟಿದಳು. “ಪ್ರಾಣಕ್ಕೆ ಸೇರಿದ್ದೇವೆ, ಚಾ ಬಿಟ್ಟಿದ್ದೇವೆ ಅಂತ ಮನೆಯಲ್ಲಿ ಹೇಳಿ ಬಂದದ್ದಲ್ಲವಾ? ನಮ್ಮಲ್ಲಿ ಕುದಿಸಿದರೆ ಸಿಕ್ಕಿಬೀಳ್ತೇವೆ. ನಿಮ್ಮಲ್ಲಾದರೆ ಕಷಾಯ ಅಂತ ಹೇಳ್ಬಹುದು.”

ಸ್ಟೋರ್ ರೂಮಿನ ಸೂಟ್‌ಕೇಸುಗಳು ಹಾಲ್‌ಗೆ ಬಂದವು. ಅಕ್ಕಿ ಡ್ರಮ್ಮು ಬಂತು. ಸ್ಟೂಲೂ ಬಂತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಹನ್ನೊಂದು ಜನ ಕೂತ ಮೇಲೆ ನೆಲ ಮುಗಿಯಿತು. ಶಾಹಿದಾ ಒಳಗಿನಿಂದ ಬಾಗಿಲು ಎಳೆದುಕೊಂಡಳು. ಒಳಗೆ ಹಲವು ವರ್ಷಗಳ ದಣಿವು ಒಟ್ಟಿಗೆ ಇಳಿದಂಥ ಒಂದು ನಿಟ್ಟುಸಿರು. ಆಮೇಲೆ ಬಾಗಿಲಿನ ಸಂದಿಯಿಂದ ಒಂದು ದನಿ: “ಕಾಂತಿಯಕ್ಕಾ, ಎರಡು ಸಕ್ಕರೆ ಕಮ್ಮಿ, ನಾಲ್ಕಕ್ಕೆ ಶುಂಠಿ!”

ಕಾಂತಿ ಒಲೆಯ ಮುಂದೆ ನಿಂತು ದೊಡ್ಡ ಪಾತ್ರೆಯಲ್ಲಿ ಸೌಟು ತಿರುಗಿಸತೊಡಗಿದಳು. ಬೆವರು ಹಣೆಯಿಂದ ಇಳಿದು ಮೂಗಿನ ತುದಿಗೆ ಬಂತು. ಒರೆಸಲು ಕೈ ಎತ್ತಿದಾಗ ಸೌಟು ಪಾತ್ರೆಯ ಅಂಚಿಗೆ ಠಣ್ ಎಂದಿತು.

ತುದಿಗಾಲಲ್ಲಿ ಬಂದ ರಮಾನಾಥ ತುಟಿಯ ಮೇಲೆ ಬೆರಳಿಟ್ಟ.

“ಮೆಲ್ಲ ಮಾರಾಯ್ತಿ! ಒಳಗೆ ಪ್ರಾಣ ನಡೀತಾ ಉಂಟು.”