ಅತ್ತೆಯ ಜೊತೆ ಫ್ಯಾಮಿಲಿ ಕುರ್ಚಿಗೆ ಹೋದದ್ದು

ನನಗೆ ಸಿಟ್ಟು ಬರುವುದು ಅಪರೂಪವೆಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಹೆಂಡತಿ ಮಾತ್ರ ಒಪ್ಪಿಲ್ಲ. ಆದರೆ ನಮ್ಮ ಅಂಕೋಲೆಗೂ ಮಾಜಾಳಿಗೂ ಫುಟ್‌ಬಾಲ್ ಪಂದ್ಯವಾದಾಗ ‘ಫ್ಯಾಮಿಲಿಯವರಿಗೆ ಮಾತ್ರ’ ಎಂದು ಹಗ್ಗ ಕಟ್ಟಿ, ನೆರಳಲ್ಲಿ ಕುರ್ಚಿ ಹಾಕುತ್ತಾರಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗಂಡಸು ಆ ಹಗ್ಗದೊಳಗೆ ಹೋಗಬೇಕಾದರೆ ಮನೆಯ ಹೆಂಗಸು ಜೊತೆಗಿರಬೇಕು. ಉಳಿದವರೆಲ್ಲ ಬಿಸಿಲಿಗೆ. ನಿಯಮ ಒಳ್ಳೆಯದೇ, ಏಕೆಂದರೆ ನಮ್ಮ ಕಡೆ ಡೋಲು, ಸೀಟಿ, ಬೈಗುಳ ಇಲ್ಲದೆ ಚೆಂಡು ಉರುಳುವುದಿಲ್ಲ.

ಈ ಸಲ ಪಂದ್ಯ ಕಾರವಾರದಲ್ಲಿ. ಹೆಂಡತಿಯ ತವರು ಮಾಜಾಳಿ. ಅತ್ತೆ ಕಾರವಾರದ ಮೀನು ಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವವರು. “ಆಯಿಗೆ ಮ್ಯಾಚ್ ನೋಡ್ಬೇಕಂತೆ. ಫ್ಯಾಮಿಲಿ ಕುರ್ಚಿಲೇ ಕೂರ್ಸಿ. ಒಂದು ಹೊಲಸು ಮಾತು ಅದ್ರ ಕಿವಿಗೆ ಬಿದ್ರೆ ನೀವು ಮನಿಗೆ ಬರೂದು ಬ್ಯಾಡ” ಎಂದು ಹೆಂಡತಿ ನನ್ನನ್ನು ಕಳಿಸಿದಳು.

ಅತ್ತೆಯನ್ನು ಮುಂದಿಟ್ಟುಕೊಂಡು ಜಂಬದಿಂದ ಹಗ್ಗದ ಬಳಿಗೆ ಹೋದೆ. ಹಿಂದಿನಿಂದ ಒಬ್ಬ, “ಮಾವ್ಶಿ, ನಾನೂ ನಿಮ್ಮ ಸಂಗ್ತಿಗೆ” ಎಂದ. “ಬಾ ಮಗಾ. ಇವ ನಮ್ಮವ” ಎಂದರು ಅತ್ತೆ. ಅವನ ಬೆನ್ನಿಗೆ ಇನ್ನೊಬ್ಬ, ಮತ್ತೊಬ್ಬ. ಮೀನು ಪೇಟೆಯಲ್ಲಿ ಮಾರುವವಳನ್ನು ಮಾವ್ಶಿ, ಅಂದರೆ ಚಿಕ್ಕಮ್ಮ ಎಂದೂ, ಗಿರಾಕಿಯನ್ನು ಮಗಾ, ತಮ್ಮಾ ಎಂದೂ ಕರೆಯುವುದು ರೂಢಿ. ಆ ಸಂಬಂಧ ಪೇಟೆಯಲ್ಲೇ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಅತ್ತೆಯ ಬಂಗಡೆ ತಿಂದವರೆಲ್ಲ ಮಾಜಾಳಿ ತಂಡದ ಜೆರ್ಸಿ ತೊಟ್ಟು ಸಾಲಾಗಿ ಕುರ್ಚಿ ಹಿಡಿದರು. ತಾಳಿ ಕಟ್ಟಿ ಅಳಿಯನಾದ ನನಗೆ ಉಳಿದದ್ದು ಪೆಂಡಾಲಿನ ಕಂಬ.

“ನೀವು ಅಳಿಯಂದ್ರು, ನಿಂತ್ರೂ ಚಂದ ಕಾಣ್ತ್ರಿ” ಎಂದರು ಅತ್ತೆ.

ಪಿತ್ತ ನೆತ್ತಿಗೇರಿತು. ಅದೇ ಹೊತ್ತಿಗೆ ನಮ್ಮ ಅಂಕೋಲೆಯವರು ಹೊಡೆದ ಚೊಕ್ಕ ಗೋಲನ್ನು ರೆಫ್ರಿ ಆಫ್‌ಸೈಡ್ ಎಂದ. ಅತ್ತೆಯ ಪೇಟೆಮಕ್ಕಳು ಶಿಸ್ತಾಗಿ ಚಪ್ಪಾಳೆ ತಟ್ಟಿದರು. ಒಬ್ಬನ ಬಾಯಿಂದಲೂ ಕೆಟ್ಟ ಮಾತಿಲ್ಲ. ಮಾವ್ಶಿಯ ಮರ್ಯಾದೆ ನೋಡಿ. ನಾನು ಬೈದೆ. ರೆಫ್ರಿಯ ಹುಟ್ಟಿನಿಂದ ಶುರುಮಾಡಿ ಅವನ ಅಜ್ಜಿಯ ತನಕ ಹೋದೆ. ಹೆಂಗಸರು ತಿರುಗಿ ನೋಡಿದರು. ಮುಂದಿನ ಸಾಲಿನ ಮಗುವೊಂದು ನನ್ನ ಕೊನೆಯ ಮಾತನ್ನು ಸ್ಪಷ್ಟವಾಗಿ ಕಲಿತು, ತನ್ನ ತಾಯಿಗೆ ಒಪ್ಪಿಸಿತು.

ಹಗ್ಗ ಕಾಯುವವನು ಓಡಿಬಂದ. “ಮಾವ್ಶಿ, ಇವ್ರು ನಿಮ್ಮ ಫ್ಯಾಮಿಲಿನಾ?”

ಅತ್ತೆ ನಿನ್ನೆಯ ಮೀನನ್ನು ನೋಡುವಂತೆ ನನ್ನನ್ನು ನೋಡಿದರು. “ಗೊತ್ತಿಲ್ಲ ಮಗಾ. ಅಂಕೋಲೆ ಕಡಿಯವ್ರು ಇರ್ಬೇಕು.”

ಉಳಿದ ಪಂದ್ಯವನ್ನು ಗೋಲಿನ ಹಿಂದೆ ಬಿಸಿಲಲ್ಲಿ ನಿಂತು ನೋಡಿದೆ. ಅಲ್ಲಿ ಹೇಗೆ ಬೈದರೂ ಕೇಳುವವರಿರಲಿಲ್ಲ, ಆದರೆ ನನಗೆ ಬಾಯೇ ಬರಲಿಲ್ಲ.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. “ಆಯಿ ಫೋನ್ ಮಾಡಿತ್ತು” ಎಂದಳು ಹೆಂಡತಿ. “ಬಾಜೂಕೆ ಕೂತ ಹುಡುಗ್ರೆಲ್ಲ ಬಾಳ ಚಲೋದವ್ರಂತೆ. ಒಬ್ಬನ ಬಾಯಿ ಮಾತ್ರ ಗಟಾರಂತೆ. ನೀವು ಅವ್ನ ಕಂಡ್ರಾ?”

ಕಾಣಲಿಲ್ಲ ಎಂದೆ. ಅದು ಸುಳ್ಳೂ ಅಲ್ಲ. ಮೈದಾನದಲ್ಲಿ ಕನ್ನಡಿ ಇರಲಿಲ್ಲ.