ತುಳಸಿ ಹಾಕಿ ಕೊಟ್ಟ ವಕೀಲರ ಫೀಜು

ಸರಕಾರದ ಮೇಲಿನ ದಾವೆ ಗೆದ್ದ ಸುದ್ದಿ ಬಂದಾಗ ನಾನು ಮೊರದ ಮುಂದೆ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ದೊಡ್ಡ ಸುದ್ದಿಗಳೆಲ್ಲ ಹೆಂಗಸರ ಕೈ ಖಾಲಿಯಿಲ್ಲದಾಗಲೇ ಬರುತ್ತವೆ. ನಮ್ಮ ಯಜಮಾನರು ಬಳ್ಳಾರಿ ಕೋರ್ಟಿನಿಂದ ಓಡಿ ಬಂದವರು ರುಮಾಲನ್ನೂ ತೆಗೆಯದೆ, “ಲೇ, ಗೆದ್ವಿ! ಸಿರುಗುಪ್ಪದ ಹೊಲ ನಮ್ದ. ಮ್ಯಾಲೆ ವಕೀಲರ ಫೀಜು ಸರಕಾರನ ಕೊಡಬೇಕಂತ!” ಎಂದರು.

“ಹಂಗಾದ್ರ ನನ್ನ ಬಳೆ ಬಂದ್ವು ಅನ್ರಿ” ಎಂದೆ.

ತವರಿನವರು ಹಾಕಿದ ಬಂಗಾರದ ಜೋಡು ಬಳೆಗಳನ್ನು ಕೌಲ್ ಬಜಾರಿನ ಸಾಹುಕಾರರಲ್ಲಿ ಒತ್ತೆಯಿಟ್ಟೇ ಆ ಫೀಜು ಹೊಂದಿಸಿದ್ದು. ಅಂದಿನಿಂದ ಮದುವೆ ಮುಂಜಿಗೆ ಹೋದರೆ ನನ್ನ ಕೈ ಸೆರಗಿನೊಳಗೇ ಇರುತ್ತಿತ್ತು.

ಫೀಜು ಕೊಟ್ಟ ಬಗೆಯನ್ನೂ ಹೇಳಬೇಕು. ನಮ್ಮ ವಕೀಲರು ಕುರುಗೋಡಿನ ಕಡೆಯವರು, ನಮ್ಮ ಮಠದವರೇ, ಏಕಾದಶಿ ತಪ್ಪಿಸದ ಹಿರಿಯರು. ಇಂದು ಅವರಿಲ್ಲ, ಆದರೆ ಬೀದಿಯಲ್ಲಿ ಬಂಡಿಯ ಗೆಜ್ಜೆ ಕೇಳಿದರೆ ಅವರೇ ಬಂದರೇನೋ ಎನಿಸುತ್ತದೆ. ಅಂಥವರಿಗೆ ರೊಕ್ಕ ಎಣಿಸಿ ಕೊಡುವುದೆಂದರೆ ನನಗೆ ಸಂತೆಯಲ್ಲಿ ಬದನೆಕಾಯಿ ಕೊಂಡಂತೆ ಕಂಡಿತು. ಮಣೆ ಹಾಕಿ, ಊಟ ಬಡಿಸಿ, ತಾಂಬೂಲದ ಮೇಲೆ ರೊಕ್ಕವಿಟ್ಟು, ತುಳಸಿದಳ ಹಾಕಿ ನೀರು ಬಿಟ್ಟೆ. ಯಜಮಾನರು “ಕೃಷ್ಣಾರ್ಪಣಮಸ್ತು” ಎಂದರು. ಎಷ್ಟು ಚೆಂದವಾಯಿತೆಂದು ವಾರವೆಲ್ಲ ಹಿಗ್ಗಿದೆ.

ದಾವೆ ಗೆದ್ದ ಮೇಲೆ ನೋಡಿದರೆ, ಫೀಜು ಮುಟ್ಟಿದೆಯೆಂದು ವಕೀಲರು ಬರೆದುಕೊಟ್ಟರೆ ಮಾತ್ರ ಸರಕಾರ ಕೊಡುವುದಂತೆ. ಮರುದಿನ ಯಜಮಾನರು ಅವರನ್ನು ಮನೆಗೇ ಕರೆತಂದರು. ಪುಣ್ಯಾತ್ಮರು ಲೇಖನಿ ಹಿಡಿದವರು ಹಾಗೇ ಕೂತುಬಿಟ್ಟರು.

“ಹೆಂಗ ಬರೀಲಿ ರಾಯ್ರ? ನಾ ತಗೊಂಡಿದ್ದು ದಕ್ಷಿಣಿ.”

“ಅದು ಫೀಜ ಆಚಾರ್ರ! ತುಳಸಿ ನಮ್ಮಾಕಿ ಹಾಕಿದ್ಲು.”

“ತುಳಸಿ ಬಿದ್ದ ಮ್ಯಾಲೆ ದೇವರದಾತು. ಹೋಗ್ಲಿ, ನೀರು ಬಿಟ್ಟಾಕಿನ ಹೇಳ್ಲಿ. ತಂಗೀ, ಫೀಜು ಅನ್ನು, ಈಗ ಬರದುಕೊಡ್ತೀನಿ. ಏನಂತೀ?”

ಯಜಮಾನರು ಅವರ ಬೆನ್ನ ಹಿಂದೆ ನಿಂತು ತುಟಿಯಲ್ಲೇ “ಫೀಜು, ಫೀಜು” ಎಂದು ಹೇಳಿಕೊಡುತ್ತಿದ್ದರು. ನಾನು ಬರಿಗೈ ನೋಡಿಕೊಂಡೆ, ತುಳಸಿಕಟ್ಟೆ ನೋಡಿದೆ.

“ದಕ್ಷಿಣಿ ರೀ” ಎಂದುಬಿಟ್ಟೆ.

“ಸೋತ ಸರಕಾರನ್ನ ಈಕಿ ಗೆಲ್ಲಿಸಿಬಿಟ್ಲಲ್ರೀ!” ಎಂದು ಯಜಮಾನರು ಹಣೆ ಬಡಿದುಕೊಂಡರು. ವಕೀಲರು ಹೊಟ್ಟೆ ಹಿಡಿದು ನಕ್ಕರು. ಕಡೆಗೆ ಯಜಮಾನರೂ ನಕ್ಕರು. ಆ ಇಬ್ಬರ ನಗು ನನಗಿನ್ನೂ ಕೇಳಿಸುತ್ತದೆ.

ಅಷ್ಟಾದರೂ ದೇವರು ಕೈಬಿಡಲಿಲ್ಲ. ದಾವೆಗೆ ಹಚ್ಚಿದ ಸ್ಟಾಂಪಿನ ಖರ್ಚನ್ನು ಸರಕಾರ ಕೊಟ್ಟಿತು. ಅದರಲ್ಲಿ ಒಂದು ಬಳೆ ಬಿಡಿಸಿಕೊಂಡೆವು. ಎಲ್ಲವನ್ನೂ ಕೃಷ್ಣನಿಗೆ ಅರ್ಪಿಸಿದವಳು ನಾನು. ಆ ಒಂದನ್ನು ಮಾತ್ರ ಬಡಿಸುವ ಕೈಗೇ ಹಾಕಿಕೊಂಡೆ, ಊಟಕ್ಕೆ ಬಂದವರಿಗೆಲ್ಲ ಕಾಣಲೆಂದು. ಹಾಕಿಕೊಂಡು, ಮಜ್ಜಿಗೆ ಕಡೆಯಲು ಕೂತೆ.